ಫ್ರಂಟ್ ತೆಗೆದ್ರಾ ಗೌಡ್ರೇ?

ಹಳೆಯ ಜೀಪಿನಲ್ಲಿ ಡ್ರೈವರ್ ಪಕ್ಕದ ನೆಲದಿಂದ ಮೂರು ಕೋಲುಗಳು ಎದ್ದು ನಿಂತಿರುತ್ತವೆ. ಉದ್ದದ್ದು ಎಲ್ಲರಿಗೂ ಗೊತ್ತಿರುವ ಗೇರು. ಗಿಡ್ಡವೆರಡರಲ್ಲಿ ಒಂದು ಲೋ ಗೇರಿಗೆ, ಇನ್ನೊಂದು ಮುಂದಿನ ಚಕ್ರಗಳಿಗೂ ಇಂಜಿನ್ನಿನ ಬಲ ಕೊಡುವುದಕ್ಕೆ. ಈ ಎರಡನೆಯದಕ್ಕೆ ನಮ್ಮ ಮನೆಯಲ್ಲಿ ‘ಫ್ರಂಟ್’ ಎಂದಷ್ಟೇ ಹೆಸರು. ಕೆಸರು ಬಂತೋ ಫ್ರಂಟ್ ಹಾಕು, ಟಾರು ಬಂತೋ ಫ್ರಂಟ್ ತೆಗಿ. ಹಾಕುವುದನ್ನು ಯಾರೂ ಮರೆಯುವುದಿಲ್ಲ; ಮರೆತರೆ ಜೀಪು ಹೂತುಕೊಂಡು ತಾನೇ ನೆನಪಿಸುತ್ತದೆ. ತೆಗೆಯುವುದನ್ನು ಮರೆತರೆ ಮಾತ್ರ, ನೇರ ರಸ್ತೆಯಲ್ಲಿ ಅದು ಏನೂ ಆಗಿಲ್ಲವೆಂಬಂತೆ ಓಡುತ್ತಿರುತ್ತದೆ.

ಮೂಡಿಗೆರೆ ಕಡೆ ತೋಟ ಮಾಡಿಕೊಂಡಿದ್ದ ನಮ್ಮ ಚಿಕ್ಕಪ್ಪನಿಗೆ ಜೀಪಿನ ಮೇಲೆ ಇದ್ದ ನಂಬಿಕೆ ಬ್ಯಾಂಕಿನ ಮೇಲೂ ಇರಲಿಲ್ಲ. ಆ ವರ್ಷ ಕಾಫಿ ಗಿಡದಲ್ಲಿ ಹೂವರಳಿಸುವ ಹೂಮಳೆ ಹದವಾಗಿ ಬಿದ್ದಿತ್ತು. ಹೊತ್ತಿಗೆ ಸರಿಯಾಗಿ ಹೂಮಳೆ ಬಂದರೆ ಕಾಫಿಯವರ ಮುಖವೇ ಬೇರೆ. ಮರುದಿನ ಬೆಳಿಗ್ಗೆ ಪೇಟೆಯಲ್ಲಿ ಮದುವೆ. ಜೀಪಿನ ಹಿಂದೆ ಚಿಕ್ಕಮ್ಮ, ಅವರ ಅಕ್ಕತಂಗಿಯರು, ರೇಷ್ಮೆ ಸೀರೆಗಳು, ಮುಯ್ಯಿಯ ಪಾತ್ರೆ. ತೋಟದ ದಾರಿ ಅಂಟುಮಣ್ಣಿನ ಏರು; ಫ್ರಂಟ್ ಹಾಕಿ ಹತ್ತಿದ್ದಾಯಿತು. ಮೇಲೆ ಬಂದರೆ ಟಾರು ರಸ್ತೆ ಆಗಲೇ ಬಿಸಿಲಿಗೆ ಒಣಗಿ ಬೆಳ್ಳಗಾಗಿತ್ತು. ಮಳೆ ಎಷ್ಟು ಸೆಂಟು ಬಿತ್ತು, ಯಾರ ತೋಟಕ್ಕೆ ಬೀಳಲಿಲ್ಲ ಎಂಬ ಮಾತಿನ ಭರದಲ್ಲಿ ಗಿಡ್ಡ ಕೋಲು ಹಾಕಿದಲ್ಲೇ ಉಳಿಯಿತು.

ತಿರುವು ಬಂದಾಗಲೆಲ್ಲ ಸ್ಟೇರಿಂಗು ಹಟ ಹಿಡಿಯುತ್ತಿತ್ತು. “ಇವತ್ತು ಹಿಂದೆ ಲೋಡು ಜಾಸ್ತಿ” ಎಂದರು ಚಿಕ್ಕಪ್ಪ. ಹಿಂದಿನ ಸೀಟಿನಲ್ಲಿ ಸಿಟ್ಟಿನ ಮೌನ. ಪೆಟ್ರೋಲ್ ಬಂಕಿನಲ್ಲಿ ಪೂರ್ತಿ ತಿರುಗಿಸಿದಾಗ ಟೈರುಗಳು ಕಿರ್ರೆಂದವು, ಜೀಪು ಮುಗ್ಗರಿಸಿ ನಿಂತೇಬಿಟ್ಟಿತು. ಎಂಥ ಕೆಸರಲ್ಲೂ ಸಿಕ್ಕಿಬೀಳದ ಗಾಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು, ಸಮತಟ್ಟಾದ ನೆಲದಲ್ಲಿ ಸಿಕ್ಕಿಬಿದ್ದಿದ್ದರು. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದು ಕೇಳಿದ್ದು ಒಂದೇ ಮಾತು: “ಫ್ರಂಟ್ ತೆಗೆದ್ರಾ ಗೌಡ್ರೇ?”

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನಿಂದ ಚಿಕ್ಕ ಸುತ್ತಿನಲ್ಲಿ ಬರುತ್ತವೆ. ಜೀಪಿನಂಥ ಗಿಡ್ಡ ಗಾಡಿಯಲ್ಲೂ ಪೂರ್ತಿ ತಿರುಗಿಸಿ ವಾಪಸು ಹೊರಟರೆ ಈ ವ್ಯತ್ಯಾಸ ಮೀಟರಿಗೂ ಹೆಚ್ಚು. ಎಡಬಲ ಚಕ್ರಗಳ ನಡುವಿನ ಜಗಳ ತೀರಿಸಲು ಆಕ್ಸಲಿನಲ್ಲಿ ಡಿಫರೆನ್ಷಿಯಲ್ ಇದೆ. ಫ್ರಾನ್ಸಿನ ಪೆಕ್ಯೂರ್ ಎಂಬಾತ 1828ರಷ್ಟು ಹಿಂದೆಯೇ ಉಗಿಗಾಡಿಗಾಗಿ ಅದಕ್ಕೆ ಪೇಟೆಂಟು ಪಡೆದಿದ್ದ. ಆದರೆ ಜೀಪಿನಲ್ಲಿ ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ನಡುವೆ ಅಂಥ ಮಧ್ಯಸ್ಥ ಯಾರೂ ಇಲ್ಲ. ಫ್ರಂಟ್ ಹಾಕಿದರೆ ಎರಡೂ ಶಾಫ್ಟು ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಯಾವುದೋ ಒಂದು ಚಕ್ರ ಕೊಂಚ ಜಾರಿ ಲೆಕ್ಕ ಸರಿಮಾಡಿಬಿಡುತ್ತದೆ. ಒಣ ಟಾರು ಟೈರನ್ನು ಕಚ್ಚಿ ಹಿಡಿಯುತ್ತದೆ, ಜಾರಗೊಡುವುದಿಲ್ಲ. ಹೊಳೆದಂಡೆಯಲ್ಲಿ ಇಬ್ಬರು ನಿಂತು ಒದ್ದೆ ಜಮಖಾನ ಹಿಂಡಿದಂತೆ ಶಾಫ್ಟು, ಗೇರು, ಜಾಯಿಂಟು ಎಲ್ಲ ತಿರುಚಿಕೊಳ್ಳುತ್ತವೆ. ಒಳಗೆ ಹಲ್ಲಿಗೆ ಹಲ್ಲು ಬಿಗಿದುಕೊಂಡಿರುವುದರಿಂದ ಕೋಲು ಎಳೆದರೂ ಬರುವುದಿಲ್ಲ. ಚಿಕ್ಕಪ್ಪ ಎರಡೂ ಕೈಯಲ್ಲಿ ಎಳೆಯುತ್ತಿದ್ದರು.

“ಎಳೀಬ್ಯಾಡಿ. ರಿವರ್ಸ್ ಹಾಕಿ, ನೆಟ್ಟಗೆ ಹಿಂದಕ್ಕೆ ತಗಳಿ” ಎಂದರು ಮೇಸ್ತ್ರಿ. ನಾಲ್ಕು ಮಾರು ಹಿಂದಕ್ಕೆ ಹೋಗುವಷ್ಟರಲ್ಲಿ ತಿರುಚು ಬಿಚ್ಚಿಕೊಂಡು, ಕೋಲು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು.

ಜೀಪು ಹುಟ್ಟಿದ್ದೇ ರಸ್ತೆ ಇಲ್ಲದ ಕಡೆಗಾಗಿ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ ಗಾಡಿಯೊಂದನ್ನು ಅವಸರವಾಗಿ ಬೇಡಿದಾಗ, ಬ್ಯಾಂಟಮ್ ಎಂಬ ಪುಟ್ಟ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ನಕ್ಷೆ ಬರೆದ. ಮೊದಲ ಗಾಡಿ ಸೆಪ್ಟೆಂಬರ್ 23ರಂದು ಬಾಲ್ಟಿಮೋರಿನ ಸೇನಾ ಶಿಬಿರಕ್ಕೆ ತಲುಪಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಮೀರಿ ಮಾಡಿದವು. ಸೈನಿಕನಿಗೆ ಟೈರು ಸವೆಯುವ ಚಿಂತೆ ಎಲ್ಲಿಯದು ಎಂದುಕೊಂಡಿದ್ದೆ. ಆದರೆ ಯುದ್ಧದ ವಿಲ್ಲೀಸಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ತಗಡಿನ ಫಲಕವಿತ್ತು. ಒಣಗಿದ ಗಟ್ಟಿ ರಸ್ತೆಯಲ್ಲಿ ಮುಂದಿನ ಆಕ್ಸಲನ್ನು ಬಿಡಿಸಿಬಿಡಿ ಎಂದು ಅದರಲ್ಲೇ ಎಚ್ಚರಿಕೆ. ಚಿಕ್ಕಪ್ಪನ ಮಹೀಂದ್ರ ಜೀಪಿನಲ್ಲಿ ಅಂಥ ಫಲಕ ಇತ್ತೋ ಇಲ್ಲವೋ, ಆ ಜಾಗದಲ್ಲಿ ನಾನು ಕಂಡಿದ್ದು ಧರ್ಮಸ್ಥಳದ ಮಂಜುನಾಥಸ್ವಾಮಿಯ ಚಿತ್ರ.

ಯುದ್ಧ ಮುಗಿದು ಜೀಪು ಹೊಲಗದ್ದೆಗೆ ಇಳಿದ ಮೇಲೆ ಈ ಮರೆವಿಗೆ ಮದ್ದು ಹುಡುಕುವವರು ಹೆಚ್ಚಿದರು. ಬ್ರಿಟನ್ನಿನ ಮಾರಿಸ್ ವಿಲ್ಕ್ಸ್ ತನ್ನ ಜಮೀನಿನಲ್ಲಿ ಓಡಿಸುತ್ತಿದ್ದ ಜೀಪನ್ನು ನೋಡಿಯೇ ಲ್ಯಾಂಡ್ ರೋವರಿನ ಕನಸು ಕಂಡಿದ್ದು. 1948ರ ಮೊದಲ ಲ್ಯಾಂಡ್ ರೋವರುಗಳಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಬಲ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಜೋರಾಗಿ ಓಡಬೇಕೆಂದರೆ ಓಡಲಿ ಎಂದು, ಸೈಕಲ್ಲಿನ ಹಿಂದಿನ ಚಕ್ರದಲ್ಲಿರುವಂಥದೇ ಒಂದು ಫ್ರೀವೀಲ್ ಇಟ್ಟಿದ್ದರು. ನನಗೆ ಬಲು ಇಷ್ಟವಾದ ಉಪಾಯ ಇದು. ಆದರೂ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟು ಅವರೂ ಕೋಲಿಗೇ ಬಂದರು. ಅದೇ 1948ರಲ್ಲಿ ಅಮೆರಿಕದಲ್ಲಿ ವಾರ್ನ್ ಎಂಬಾತ, ಮುಂದಿನ ಚಕ್ರಗಳನ್ನು ಆಕ್ಸಲಿನಿಂದಲೇ ಬಿಡಿಸುವ ಹಬ್ಬುಗಳನ್ನು ಮಾರತೊಡಗಿದ. ಒಳ್ಳೆಯದೇ, ಆದರೆ ಅವನ್ನು ಕೆಳಗಿಳಿದು ಕೈಯಲ್ಲಿ ತಿರುಗಿಸಬೇಕು. ಆಷಾಢದ ಮಳೆಯಲ್ಲಿ ಇಂಬಳಕ್ಕೆ ಕಾಲು ಕೊಟ್ಟುಕೊಂಡು ಹಬ್ಬು ತಿರುಗಿಸುವ ಉತ್ಸಾಹ ಮಲೆನಾಡಿನಲ್ಲಿ ಎಷ್ಟು ಜನಕ್ಕಿದ್ದೀತು? ಕಡೆಗೆ 1970ರ ರೇಂಜ್ ರೋವರ್ ಎರಡು ಆಕ್ಸಲುಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಕೂರಿಸಿತು. ತೆಗೆಯುವ ಹಾಕುವ ತಾಪತ್ರಯವೇ ಇಲ್ಲ. ನಮ್ಮ ತೋಟದ ಜೀಪುಗಳವರೆಗೆ ಆ ಸುಖ ಇಳಿದು ಬರಲಿಲ್ಲ.

ಚಿಕ್ಕಪ್ಪ ಆಮೇಲೆ ಎಷ್ಟು ಹುಷಾರಾದರೆಂದರೆ, ಟಾರು ಮುಟ್ಟುವ ಮೊದಲೇ ಫ್ರಂಟ್ ತೆಗೆದು, ಕೊನೆಯ ಹತ್ತು ಮಾರು ಕೆಸರಿನಲ್ಲಿ ಹೂತು, ಆಳುಗಳನ್ನು ಕರೆದು ತಳ್ಳಿಸುತ್ತಿದ್ದರು.

ಮೊಣಕಾಲು ನೋವೆಂದು ಜೀಪು ಮಾರಲು ಹೊರಟಾಗ ಸಕಲೇಶಪುರದಿಂದ ಒಬ್ಬರು ಬಂದರು. ಬಾನೆಟ್ ಎತ್ತಲಿಲ್ಲ, ಟೈರು ಒದೆಯಲಿಲ್ಲ. ಗೇಟಿನ ಮುಂದಿನ ಒಣ ಟಾರಿಗೆ ಗಾಡಿ ತಂದು, ಬೇಕೆಂದೇ ಫ್ರಂಟ್ ಹಾಕಿ, ಸ್ಟೇರಿಂಗ್ ಪೂರ್ತಿ ಕಟ್ ಮಾಡಿ ನಿಧಾನಕ್ಕೆ ತಿರುಗಿಸಿದರು. ಟೈರುಗಳು ಕಿರ್ರೆಂದವು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಓಡಿದರು: “ತೆಗೀರಿ, ತೆಗೀರಿ! ಒಣ ರಸ್ತೆ!”

ಆ ಮನುಷ್ಯ ಅರ್ಧ ಸುತ್ತು ಮುಗಿಸಿಯೇ ನಿಲ್ಲಿಸಿದ್ದು. ಫ್ರಂಟ್ ಕೆಟ್ಟಿದ್ದರೆ ಗಾಡಿ ಹಗುರವಾಗಿ ತಿರುಗುತ್ತದೆ, ಮುಗ್ಗರಿಸುವುದಿಲ್ಲ. ಹಳೇ ಜೀಪು ಕೊಳ್ಳುವವರಿಗೆ ಅದೇ ಪರೀಕ್ಷೆಯಂತೆ. ರಿವರ್ಸ್ ಹಾಕಿ ಕೋಲು ಬಿಡಿಸಿಕೊಂಡು ಕೆಳಗಿಳಿದವರು, “ಫ್ರಂಟ್ ಚೆನ್ನಾಗದೆ. ಈಗ ರೇಟ್ ಹೇಳಿ” ಎಂದರು. ಚಿಕ್ಕಪ್ಪ ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕಿಂತ ಐದು ಸಾವಿರ ಹೆಚ್ಚಿಗೆ ಹೇಳಿದರು.