ಕಯಾಕಿಗೆ ಮೋಟಾರೋ, ಹಾಯಿಯೋ? ಚಾ ಅಂಗಡಿಯ ಮಹಾಚರ್ಚೆ

ನಮ್ಮ ಕಡೆ ಚಾ ಅಂಗಡಿಯ ಬೆಂಚಿನ ಮೇಲೆ ಸಾಮಾನ್ಯವಾಗಿ ಎರಡು ಪಕ್ಷ ಇರುತ್ತವೆ. ಯಾವ್ಯಾವುದು ಅಂತ ನಿಮಗೆ ಗೊತ್ತೇ ಇದೆ. ಕಳೆದ ಚಳಿಗಾಲದಲ್ಲಿ ಮಾತ್ರ ಅವೆರಡೂ ಒಡೆದು, ಹೊಸದಾಗಿ ಎರಡು ಹುಟ್ಟಿಕೊಂಡವು. ಒಂದು ಮೋಟಾರು ಪಕ್ಷ, ಇನ್ನೊಂದು ಹಾಯಿ ಪಕ್ಷ. ಜಗಳ ಇದ್ದದ್ದು ಕಯಾಕಿನ ಮೇಲೆ.

ಸಾಲಿಗ್ರಾಮ, ಕೋಡಿ ಕಡೆ ಬಂದವರು ಕಯಾಕ್ ನೋಡಿರುತ್ತೀರಿ. ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕೆಂಪು, ಹಳದಿ ಬಣ್ಣದ ಪುಟ್ಟ ಪ್ಲಾಸ್ಟಿಕ್ ದೋಣಿಗಳು ಓಡಾಡುತ್ತವೆ. ಒಬ್ಬರೋ ಇಬ್ಬರೋ ಕೂರಬಹುದು. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೀರು ಎಳೆಯುತ್ತಾ ಹೋಗುವುದು. ಅಷ್ಟೇ.

ಚರ್ಚೆ ಎಬ್ಬಿಸಿದವನು ನಮ್ಮೂರ ಹುಡುಗನೇ. ಸಾಲ ಮಾಡಿ ನಾಲ್ಕು ಕಯಾಕ್ ತಂದು ಪ್ರವಾಸಿಗರಿಗೆ ಕೊಡುತ್ತಾನೆ. ಅವನ ಕಷ್ಟ ಇದು. ಬೆಂಗಳೂರಿನಿಂದ ಬಂದವರು ಇಳಿತದ ನೀರಿನ ಜೊತೆ ಸುಲಭವಾಗಿ ಕೆಳಗೆ ಹೋಗುತ್ತಾರೆ. ಅರ್ಧ ಗಂಟೆ ಸೆಲ್ಫಿ. ಆಮೇಲೆ ವಾಪಸ್ ಹುಟ್ಟು ಹಾಕಿದರೆ ದೋಣಿ ಇದ್ದಲ್ಲೇ ಇರುತ್ತದೆ. ತಕ್ಷಣ ಫೋನ್: "ಬ್ರೋ, ಕೈ ಬಿದ್ದೋಯ್ತು. ಲೊಕೇಶನ್ ಕಳಿಸಿದೀನಿ, ಬನ್ನಿ." ಇವನು ಹಗ್ಗ ಹಿಡಿದುಕೊಂಡು ಹೋಗಿ ಎಳೆದು ತರಬೇಕು.

"ಒಂದು ಬ್ಯಾಟರಿ ಮೋಟಾರು ಕೂರಿಸಿಬಿಟ್ಟರೆ ಹೇಗೆ?" ಅಂದ. ಬೆಂಚು ಎರಡಾಯಿತು.

ಮೋಟಾರು ಪಕ್ಷದ ನಾಯಕ ಮೆಕ್ಯಾನಿಕ್ ಅಣ್ಣ. ಜಗತ್ತಿನ ಯಾವ ಸಮಸ್ಯೆಗೂ ಮೋಟಾರು ಸೇರಿಸಿದರೆ ಪರಿಹಾರ ಅನ್ನುವವರು. ಹಾಯಿ ಪಕ್ಷಕ್ಕೆ ನಿವೃತ್ತ ಮಾಸ್ತರರು. ಹಂಗಾರಕಟ್ಟೆಗೆ ಹಿಂದೆ ಹಾಯಿ ಕಟ್ಟಿದ ಮಂಜಿಗಳು ಬರುತ್ತಿದ್ದ ಕಾಲದ ಕತೆ ಅವರ ಬಾಯಲ್ಲೇ ಕೇಳಬೇಕು. "ಗಾಳಿಗೆ ಬಿಲ್ ಇಲ್ಲ ಮಾರಾಯಾ, ಚಾರ್ಜಿಂಗ್ ಪಾಯಿಂಟೂ ಬೇಡ" ಅನ್ನುವುದು ಅವರ ಪ್ರಣಾಳಿಕೆ. ನಾನು ಗೋಳಿಬಜೆ ತಿನ್ನುತ್ತಾ ಇಬ್ಬರ ಹೇಳಿಕೆಯನ್ನೂ ಬರೆದುಕೊಳ್ಳುವ ವರದಿಗಾರ. ಎರಡೂ ಕಡೆಯವರು ನನ್ನನ್ನು ಎದುರು ಪಕ್ಷದವನು ಅಂದುಕೊಂಡಿದ್ದರು, ಅದು ಈ ಕೆಲಸದಲ್ಲಿ ಮಾಮೂಲು.

ಈ ಜಗಳ ನಮ್ಮೂರಿನಲ್ಲೇ ಹುಟ್ಟಿದ್ದಲ್ಲ. ಕಯಾಕ್ ಮೂಲತಃ ಗ್ರೀನ್‌ಲ್ಯಾಂಡ್ ಮೊದಲಾದ ಹಿಮದ ನಾಡಿನ ಇನೂಯಿಟ್ ಜನರ ಬೇಟೆ ದೋಣಿ. ಮರ ಅಥವಾ ಎಲುಬಿನ ಚೌಕಟ್ಟು, ಮೇಲೆ ಸೀಲ್ ಪ್ರಾಣಿಯ ಚರ್ಮ. ಸದ್ದಿಲ್ಲದೆ ಬೇಟೆಯ ಹತ್ತಿರ ಹೋಗುವುದೇ ಅದರ ಬಂಡವಾಳ. 1865ರಲ್ಲಿ ಜಾನ್ ಮೆಕ್‌ಗ್ರೆಗರ್ ಎಂಬ ವಕೀಲರು ಅದೇ ಮಾದರಿಯ ಮರದ ದೋಣಿ ಮಾಡಿಸಿಕೊಂಡು ಯುರೋಪಿನ ನದಿ, ಸರೋವರ ಸುತ್ತಿದರು. ಶೋಕಿಗೆ ಕಯಾಕ್ ಹತ್ತುವ ಅಭ್ಯಾಸ ಹರಡಿದ್ದು ಅವರಿಂದ. ಅವರ ದೋಣಿಯಲ್ಲೇ ಒಂದು ಪುಟ್ಟ ಹಾಯಿ ಇತ್ತು! ಅಂದರೆ ಹಾಯಿ ಪಕ್ಷಕ್ಕೆ 150 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಇದನ್ನು ನಾನು ಹೇಳಿದ್ದೇ ತಡ, ಮಾಸ್ತರರು ನನಗೆ ಒಂದು ಚಾ ಹೆಚ್ಚಿಗೆ ಹೇಳಿದರು.

ಆಸ್ಕರ್ ಸ್ಪೆಕ್ ಎಂಬ ಜರ್ಮನ್ ಯುವಕನ ಕತೆ ಇನ್ನೂ ದೊಡ್ಡದು. 1932ರಲ್ಲಿ ಮಡಚುವ ಕಯಾಕಿನಲ್ಲಿ ಜರ್ಮನಿಯಿಂದ ಹೊರಟ. ಸೈಪ್ರಸ್‌ನಲ್ಲಿ ಕೆಲಸ ಹುಡುಕುವುದು ಮೊದಲ ಯೋಚನೆ, ಆಮೇಲೆ ಮುಂದೆ ಮುಂದೆ ಹೋಗುತ್ತಲೇ ಇದ್ದ. ಹುಟ್ಟಿನ ಜೊತೆ ಒಂದು ಚಿಕ್ಕ ಹಾಯಿ. ಭಾರತದ ಪಶ್ಚಿಮ ಕರಾವಳಿ ಹಿಡಿದು ಸಿಲೋನ್ ತನಕ ಬಂದ, ಅಂದರೆ ನಮ್ಮ ಕಡಲಿನ ಮುಂದೆಯೇ ಹಾದುಹೋದ. 1939ರಲ್ಲಿ ಆಸ್ಟ್ರೇಲಿಯಾ ಮುಟ್ಟುವಾಗ ಮಹಾಯುದ್ಧ ಶುರುವಾಗಿತ್ತು. ಶತ್ರು ದೇಶದವನು ಅಂತ ಹಿಡಿದು ಒಳಗೆ ಹಾಕಿದರು. "ನೋಡಿ, ಹಾಯಿ ಕಟ್ಟಿದ್ರೆ ಜೈಲು" ಅಂದರು ಮೆಕ್ಯಾನಿಕ್ ಅಣ್ಣ.

ಅವರ ಕಡೆಗೂ ಒಬ್ಬ ಹೀರೋ ಬೇಕಲ್ಲ. ಓಲೆ ಎವಿನ್‌ರೂಡ್ ಇದ್ದಾನೆ. ಅಮೆರಿಕದಲ್ಲಿ, ಹುಡುಗಿಗೆ ಐಸ್‌ಕ್ರೀಂ ತರಲು ಸರೋವರದಲ್ಲಿ ಹುಟ್ಟು ಹಾಕಿಕೊಂಡು ಹೋದನಂತೆ, ವಾಪಸ್ ಬರುವಷ್ಟರಲ್ಲಿ ಐಸ್‌ಕ್ರೀಂ ಕರಗಿತಂತೆ. ಆ ಸಿಟ್ಟಿಗೆ ದೋಣಿಯ ಹಿಂದೆ ಸಿಕ್ಕಿಸುವ ಮೋಟಾರು ಮಾಡಿದ ಅಂತ ಕತೆ. 1909ರಲ್ಲಿ ಅದನ್ನು ಮಾರಾಟಕ್ಕೆ ಬಿಟ್ಟ. ಇವತ್ತು ನಮ್ಮ ನಾಡದೋಣಿಗಳ ಹಿಂದೆ ಗುರುಗುಟ್ಟುವ ಮೋಟಾರುಗಳೆಲ್ಲ ಆ ತಳಿಯವು.

ಇಷ್ಟಾದ ಮೇಲೆ ಲೆಕ್ಕಕ್ಕೆ ಕೂತೆವು.

ಮೋಟಾರು ಅಂದರೆ ಬರೀ ಮೋಟಾರಲ್ಲ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಒಂದೇ 25ರಿಂದ 30 ಕಿಲೋ ತೂಗುತ್ತದೆ, ಹೆಚ್ಚುಕಡಿಮೆ ಒಂದು ಕಯಾಕಿನಷ್ಟೇ. 50 ಆಂಪಿಯರ್ ಎಳೆಯುವ ಮೋಟಾರನ್ನು ಪೂರ್ತಿ ಜೋರಿನಲ್ಲಿ ಓಡಿಸಿದರೆ ಕಾಗದದ ಮೇಲೆ 2 ಗಂಟೆ ಬರಬೇಕು, ನೀರಿನ ಮೇಲೆ ಅಷ್ಟೂ ಬರುವುದಿಲ್ಲ. ದೊಡ್ಡ ಮೋಟಾರು ಹಾಕಿದರೆ ಬಾಣದ ಹಾಗೆ ಹೋಗುತ್ತದೆಯಾ? ಅದೂ ಇಲ್ಲ. ದೋಣಿ ವೇಗ ಹಿಡಿದಾಗ ಮುಂದೆ ಅಲೆ ಏಳುತ್ತದೆ. 12 ಅಡಿಯ ಕಯಾಕ್ ಗಂಟೆಗೆ ಸುಮಾರು 8 ಕಿ.ಮೀ. ಮುಟ್ಟಿದ ಮೇಲೆ ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ತಾನೇ ಹತ್ತಬೇಕು. ಅಲ್ಲಿಂದ ಮುಂದೆ ಬ್ಯಾಟರಿ ಖಾಲಿಯಾಗುತ್ತದೆಯೇ ಹೊರತು ದೋಣಿ ಓಡುವುದಿಲ್ಲ.

ಕಾನೂನೂ ಇದೆ. 2021ರ ಒಳನಾಡು ಹಡಗುಗಳ ಕಾಯಿದೆಯಲ್ಲಿ, ಯಂತ್ರದಿಂದ ಓಡುವ ದೋಣಿಗೆ ತಪಾಸಣೆ, ನೋಂದಣಿ ಬೇಕು. ಆಟಿಕೆಯಂತಿದ್ದ ಕಯಾಕ್ ಮೋಟಾರು ಏರಿದ ದಿನ ಹಡಗುಗಳ ಸಾಲಿಗೆ ಸೇರಿ, ಕಚೇರಿ ಮೆಟ್ಟಿಲು ಹತ್ತಬೇಕಾಗುತ್ತದೆ. ಮೀನುಗಾರರಿಗೆ ಇಂಥ ಗೆರೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, 10 ಅಶ್ವಶಕ್ತಿ ತನಕದ ಮೋಟಾರಿನ ನಾಡದೋಣಿ ಹೋಗಬಹುದು. ಯಂತ್ರ ಎಷ್ಟು ದೊಡ್ಡದು ಅನ್ನುವುದರ ಮೇಲೆ ಇಲ್ಲಿ ಊಟವೇ ನಿಂತಿದೆ.

ಹಾಯಿ ಪಕ್ಷ ನಗುವಂತಿರಲಿಲ್ಲ. ಕಯಾಕಿನ ಹೊಟ್ಟೆ ಚಪ್ಪಟೆ, ಕೆಳಗೆ ನೀರಿಗೆ ಇಳಿಯುವ ಹಲಗೆ ಇಲ್ಲ. ಅಡ್ಡಗಾಳಿ ಬಂದರೆ ಹಾಯಿ ಅದನ್ನು ಮುಂದಕ್ಕೆ ಒಯ್ಯುವುದಿಲ್ಲ, ಏಡಿಯ ಹಾಗೆ ಪಕ್ಕಕ್ಕೆ ಒಯ್ಯುತ್ತದೆ. ಜೋರು ಗಾಳಿಗೆ ಮಗುಚುತ್ತದೆ. ಕಾಂಡ್ಲಾ ಸಂದಿಯಲ್ಲಿ ಕಂಬ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಆದರೂ ಮಾಸ್ತರರು ಬಿಡಲಿಲ್ಲ. ಒಂದು ಮಧ್ಯಾಹ್ನ ಕಯಾಕಿನಲ್ಲಿ ಕೂತು, ತಮ್ಮ ಕಪ್ಪು ಕೊಡೆ ಬಿಚ್ಚಿ ಹಿಡಿದರು. ಕಡಲಗಾಳಿ ಚೆನ್ನಾಗಿ ಬೀಸುತ್ತಿತ್ತು. ಇನ್ನೂರು ಮೀಟರ್ ಮಹಾರಾಜರ ಹಾಗೆ ಹೋದರು. ಆಮೇಲೆ ಕೊಡೆ ಮೇಲ್ಮುಖವಾಗಿ ಮಡಚಿಕೊಂಡಿತು. ಹುಡುಗ ಹಗ್ಗ ಹಿಡಿದು ಹೊರಟ.

ಅಷ್ಟೂ ದಿನ ಸುಮ್ಮನಿದ್ದವರು ಒಬ್ಬ ಅಜ್ಜಯ್ಯ. ಹರೆಯದಲ್ಲಿ ಹಾಯಿ ಕಟ್ಟಿ ಮೀನಿಗೆ ಹೋದವರು, ಆಮೇಲೆ ಮೋಟಾರು ದೋಣಿಯಲ್ಲೂ ಹೋದವರು. ಬೆಳಿಗ್ಗೆ ನೆಲದ ಗಾಳಿ ಹಿಡಿದು ಕಡಲಿಗೆ, ಮಧ್ಯಾಹ್ನ ಕಡಲಗಾಳಿ ಹಿಡಿದು ದಡಕ್ಕೆ, ಅದು ಅವರ ಟೈಂ ಟೇಬಲ್. ಅವರು ಹಾಯಿಯ ಪರ ಅಂತ ನಾವೆಲ್ಲ ಅಂದುಕೊಂಡಿದ್ದೆವು.

"ಗಾಳಿ ಕರ್ಕಂಡ್ ಹೋತ್ತ್ ಮಗಾ. ವಾಪಾಸ್ ಬಿಡುಕೆ ಬತ್ತಾ?" ಅಂದರು. "ಮೋಟಾರೂ ಹಾಂಗೇ. ಹೋಪುದ್ ಸುಲಭ, ಬಪ್ಪುದ್ ಕಷ್ಟ."

ಈ ಮಾತು ನನ್ನ ತಲೆಯಲ್ಲಿ ಕೂತಿತು. ಬರೀ ಕೈಯಲ್ಲಿ ಹುಟ್ಟು ಹಾಕುವವನು ಎಷ್ಟು ದೂರ ಹೋಗುತ್ತಾನೆ? ದಣಿವಾಗುವ ತನಕ. ದಣಿವೇ ಅವನಿಗೆ ಎಚ್ಚರಿಕೆ ಗಂಟೆ. ಗಾಳಿ, ಬ್ಯಾಟರಿ, ಇಳಿತದ ನೀರು ಮೂರೂ ಆ ಗಂಟೆಯನ್ನು ಬಂದ್ ಮಾಡುತ್ತವೆ. ಕೈ ನೋಯದೆ ಕೋಡಿಬೇಂಗ್ರೆಯ ಅಳಿವೆ ತನಕ ಹೋಗಿಬಿಡಬಹುದು. ನದಿ ಕಡಲು ಸೇರುವ ಆ ಜಾಗದಲ್ಲಿ ಬ್ಯಾಟರಿ ಮುಗಿದರೆ, ಹುಟ್ಟು ಹಿಡಿದು ಅಭ್ಯಾಸವೇ ಇಲ್ಲದ ಕೈಗೆ ಏನು ಮಾಡಲು ಬರುತ್ತದೆ? ಅಲ್ಲಿಗೆ ಲೊಕೇಶನ್ ಕಳಿಸಿ ಕಾಯುವಷ್ಟು ಹೊತ್ತು ಸಿಗುವುದಿಲ್ಲ.

ಕೊನೆಯ ಮಾತು ಮಾತ್ರ ಬೆಂಚಿನದ್ದಲ್ಲ. ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸರಿದ್ದಾರೆ. ಮುಳುಗಿ ಏಳುವಾಗ ತಲೆ ಮಾತ್ರ ಕಾಣುತ್ತದೆ, ಕೆಲವೊಮ್ಮೆ ಅದೂ ಕಾಣುವುದಿಲ್ಲ. ಮೋಟಾರಿನ ಸುದ್ದಿ ಕೇಳಿದ ಒಬ್ಬ ಅಕ್ಕ ಬುಟ್ಟಿ ಹೊತ್ತುಕೊಂಡೇ ಅಂಗಡಿಯ ಮುಂದೆ ನಿಂತರು.

"ನಿಮ್ ಹುಟ್ ತಾಗ್ರೆ ತಲಿ ಉಬ್ಬತ್ತ್, ಎಣ್ಣಿ ಹಚ್ಚಿರೆ ಸಾಕ್. ಆ ಫ್ಯಾನ್ ಕಾಲಿಗ್ ತಾಗ್ರೆ ಎಂತ ಹಚ್ಚುದ್?"

ಯಾರೂ ಮಾತಾಡಲಿಲ್ಲ. ಮೆಕ್ಯಾನಿಕ್ ಅಣ್ಣ ಚಾ ಲೋಟ ನೋಡುತ್ತಾ ಕೂತರು. ಇಷ್ಟು ದಿನದ ಚರ್ಚೆಯಲ್ಲಿ ದೋಣಿಯ ಮೇಲಿದ್ದವರ ಲೆಕ್ಕ ಎಲ್ಲ ಇತ್ತು, ನೀರಿನೊಳಗೆ ನಿಂತವರದ್ದು ಇರಲಿಲ್ಲ.

ಹುಡುಗ ಮೋಟಾರು ತರಲಿಲ್ಲ. ಬದಲಿಗೆ ಬುಕಿಂಗ್ ಹೊತ್ತನ್ನೇ ಬದಲಿಸಿದ. ಉಬ್ಬರ, ಇಳಿತ ದಿನಕ್ಕೆರಡು ಸಲ ಬರುತ್ತವೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅದನ್ನು ನೋಡಿಕೊಂಡು ಈಗ ಟೈಂ ಕೊಡುತ್ತಾನೆ. ಚಿಪ್ಪು ಹೆಕ್ಕುವ ಹೊತ್ತಿನಲ್ಲಿ ಆ ಕಡೆ ಯಾರನ್ನೂ ಬಿಡುವುದಿಲ್ಲ. ಲೈಫ್ ಜಾಕೆಟ್ ಹಾಕದವರಿಗೆ ದೋಣಿ ಇಲ್ಲ. ಮತ್ತೆ ಒಂದೇ ನಿಯಮ: ಮೊದಲು ನೀರಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ನೀರಿನ ಜೊತೆ ಬನ್ನಿ. ಫೋನ್ ಬರುವುದು ತುಂಬಾ ಕಡಿಮೆಯಾಗಿದೆ. ಸಾಲದ ಕಂತು ಇನ್ನೂ ಇದೆ, ಬ್ಯಾಟರಿಯ ಕಂತು ಅದಕ್ಕೆ ಸೇರಲಿಲ್ಲ ಅನ್ನುವುದೇ ಅವನ ಸಮಾಧಾನ.

ನಿಮ್ಮೂರಿನ ಕೆರೆಗೋ ಹೊಳೆಗೋ ಕಯಾಕ್ ಬಂದರೆ, ಹತ್ತುವ ಮೊದಲು ನೀರು ಯಾವ ಕಡೆ ಹರಿಯುತ್ತಿದೆ, ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಎರಡು ನಿಮಿಷ ನಿಂತು ನೋಡಿ. ಅಲ್ಲಿನ ಮೀನು ಹಿಡಿಯುವವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಕೊಡೆ ಮಾತ್ರ ದಡದಲ್ಲೇ ಬಿಡಿ. ಮಾಸ್ತರರು ಹೊಸದು ತಗೊಂಡಿದ್ದಾರೆ, ಈ ಸಲ ಕಡ್ಡಿ ಗಟ್ಟಿ ಇದೆಯಂತೆ.