ಮೊದಲಿಗೆ ಎಷ್ಟು ಜೇನುಪೆಟ್ಟಿಗೆ?

ಜೇನು ಸಾಕುವ ಅಪೇಕ್ಷೆಯುಳ್ಳವರು ನನ್ನನ್ನು ಕಂಡಾಗ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಪೆಟ್ಟಿಗೆಗಳಿಂದ ಆರಂಭಿಸಬೇಕು?" ಎರಡರಿಂದ ಎಂದು ನಾನು ಉತ್ತರಿಸುತ್ತೇನೆ. ಈ ಉತ್ತರವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಒಂದು ಜೇನು ಕುಟುಂಬವನ್ನು ಕಳೆದುಕೊಂಡು ಕಲಿತವನು. ವಾಚಕರು ಅದೇ ನಷ್ಟಕ್ಕೆ ಒಳಗಾಗದಿರಲೆಂದು ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇನೆ.

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಶಿರಸಿ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ಮರಳಿದ ವರ್ಷ, ತುಡುವೆ ಜೇನಿನ ಒಂದು ಪೆಟ್ಟಿಗೆಯನ್ನು ತಂದಿರಿಸಿದೆ. ಕೈ ಪಳಗುವವರೆಗೆ ಒಂದೇ ಸಾಕೆಂಬುದು ನನ್ನ ಲೆಕ್ಕ. ಹೂವಿನ ಕಾಲ ಬಂದಿತು. ಕುಟುಂಬ ತುಂಬಿ ಬೆಳೆದು ಪಾಲಾಯಿತು. ಹಳೆಯ ರಾಣಿ ಬಹುಪಾಲು ನೊಣಗಳೊಡನೆ ಹಾರಿಹೋಯಿತು. ಹೊಸ ರಾಣಿಯೇನೋ ಹುಟ್ಟಿತು. ಆದರೆ ಗಂಡುನೊಣಗಳನ್ನು ಕೂಡಲು ಹೊರಹಾರಿದ ಅದು ಮರಳಿ ಬರಲಿಲ್ಲವೆಂದು ಕಾಣುತ್ತದೆ. ನನಗಾದರೋ ಇದೊಂದೂ ತಿಳಿಯಲಿಲ್ಲ. ನೊಣಗಳು ಹೋಗಿಬರುತ್ತಿದ್ದವು, ಎಲ್ಲವೂ ಕ್ಷೇಮವೆಂದೇ ಭಾವಿಸಿದೆ.

ಕೆಲವು ವಾರಗಳ ಅನಂತರ ಮುಚ್ಚಳ ತೆರೆದಾಗ ಒಂದೊಂದು ಕೋಶದಲ್ಲಿಯೂ ಮೂರು ನಾಲ್ಕು ಮೊಟ್ಟೆಗಳು! ಸಂತಾನ ಸಮೃದ್ಧವಾಯಿತೆಂದು ಹಿಗ್ಗಿ, ನೆರೆಯ ಹಿರಿಯ ಕೃಷಿಕರೊಬ್ಬರನ್ನು ಕರೆತಂದು ತೋರಿಸಿದೆ. ಅವರು ಎರಿಯನ್ನು ಬಿಸಿಲಿಗೆ ಹಿಡಿದು ನೋಡಿ ಮೆಲ್ಲನೆ ನುಡಿದರು: "ಮಾಸ್ತರೇ, ಇದು ಸಂಸಾರ ಬೆಳೆದದ್ದಲ್ಲ, ಮುಗಿಯುತ್ತ ಬಂದದ್ದು."

ರಾಣಿಯಿಲ್ಲದೆ ಮರಿಹುಳುಗಳೂ ಇಲ್ಲವಾದಾಗ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ. ಕೂಡುವಿಕೆಯಿಲ್ಲದೆ ಇಟ್ಟ ಆ ಮೊಟ್ಟೆಗಳಿಂದ ಹುಟ್ಟುವುದು ಗಂಡುನೊಣಗಳು ಮಾತ್ರ. ದುಡಿಯುವ ಕೈ ಒಂದೂ ಹೆಚ್ಚುವುದಿಲ್ಲ. ನಾನು ಅವಸಾನವನ್ನೇ ಅಭ್ಯುದಯವೆಂದು ತಿಳಿದಿದ್ದೆ. ಮಳೆಗಾಲಕ್ಕೆ ಮೊದಲೇ ಪೆಟ್ಟಿಗೆ ಬರಿದಾಗಿ, ಎರಿಗಳನ್ನು ಮೇಣದ ಹುಳು ತಿಂದು ಮುಗಿಸಿತು.

ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯಿದ್ದಿದ್ದರೆ ಎರಡು ಲಾಭಗಳಿರುತ್ತಿದ್ದವು. ಮೊದಲನೆಯದು ಹೋಲಿಕೆ. ಒಂದೇ ತೋಟದ ಎರಡು ಕುಟುಂಬಗಳೂ ಸೊರಗಿದರೆ ಬಹುಶಃ ಹೂವಿಲ್ಲದ ಕಾಲವೆಂದು ತಿಳಿಯಬಹುದು; ಒಂದು ಮಾತ್ರ ಸೊರಗಿದರೆ ದೋಷವನ್ನು ಆ ಪೆಟ್ಟಿಗೆಯೊಳಗೇ ಹುಡುಕಬೇಕು. ಎರಡನೆಯದು ನೆರವು. ರಾಣಿಯೂ ಕೆಲಸಗಾರ ನೊಣವೂ ಹುಟ್ಟುವುದು ಒಂದೇ ಬಗೆಯ ಮೊಟ್ಟೆಯಿಂದ. ವ್ಯತ್ಯಾಸವಿರುವುದು ಉಣಿಸುವ ಆಹಾರದಲ್ಲಿ. ಆದುದರಿಂದ ರಾಣಿಯನ್ನು ಕಳೆದುಕೊಂಡ ಕುಟುಂಬಕ್ಕೆ, ವಿಳಂಬವಾಗುವ ಮೊದಲೇ, ಮೊಟ್ಟೆ ಮತ್ತು ಎಳೆಯ ಮರಿಹುಳುಗಳಿರುವ ಒಂದು ಎರಿಯನ್ನು ನೆರೆಯ ಪೆಟ್ಟಿಗೆಯಿಂದ ಕೊಟ್ಟರೆ, ಅವು ತಾವೇ ಹೊಸ ರಾಣಿಯನ್ನು ಬೆಳೆಸಿಕೊಳ್ಳಬಲ್ಲವು. ಕೊಡುವ ಎರಿ ರೋಗರಹಿತವಾಗಿದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಹಾಗಾದರೆ ಹತ್ತು ಏಕೆ ಬೇಡ? ಪ್ರತಿಯೊಂದು ಪೆಟ್ಟಿಗೆಯನ್ನೂ ತೆರೆದು ನೋಡಬೇಕು, ಮಲೆನಾಡಿನ ಮಳೆಯಲ್ಲಿ ಹೂವಿಲ್ಲದಾಗ ಸಕ್ಕರೆ ಪಾಕ ಉಣಿಸಬೇಕು, ಇರುವೆಯಿಂದ ಕಾಯಬೇಕು. ಕಣ್ಣು ಪಳಗದವನು ಹತ್ತು ಇಟ್ಟುಕೊಂಡರೆ ಒಂದೇ ತಪ್ಪನ್ನು ಹತ್ತು ಕಡೆ ಮಾಡುತ್ತಾನೆ. ಸಂಖ್ಯೆಯೇ ರಕ್ಷೆಯೆಂಬುದೂ ಭ್ರಮೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿದಾಗ, ಸಾಲು ಸಾಲು ಪೆಟ್ಟಿಗೆಗಳಿದ್ದವರ ತೋಟಗಳೂ ಬರಿದಾದವು.

ಮರುವರ್ಷ ನಾನು ಎರಡು ಪೆಟ್ಟಿಗೆಗಳನ್ನಿರಿಸಿದೆ. ಒಂದರಲ್ಲಿ ಮತ್ತೆ ಹೊಸ ರಾಣಿ ಕಾಣೆಯಾಯಿತು. ಈ ಬಾರಿ ನೆರೆಯ ಪೆಟ್ಟಿಗೆಯ ಒಂದು ಎರಿಯನ್ನು ಕೊಟ್ಟೆ. ಮೂರು ನಾಲ್ಕು ದಿನಗಳಲ್ಲಿ ರಾಣಿಕೋಶಗಳು ಮೂಡಿದವು. ಸುಮಾರು ಒಂದು ತಿಂಗಳಲ್ಲಿ ಕೋಶಕ್ಕೊಂದರಂತೆ ಮೊಟ್ಟೆಗಳು ಕಾಣಿಸಿದವು. ಹಿಂದೆ ಮೂರು ನಾಲ್ಕನ್ನು ಕಂಡು ಹಿಗ್ಗಿದ್ದ ನಾನು, ಅಂದು ಒಂದನ್ನೇ ಕಂಡು ಕಣ್ಣೊರೆಸಿಕೊಂಡೆ.

ಆದುದರಿಂದ ಓದುಗ ಬಂಧುಗಳೇ, ನೀವು ಎರಡರಿಂದ ಆರಂಭಿಸಿರಿ. ಅವೆರಡನ್ನೂ ಒಂದು ಮಳೆಗಾಲ ದಾಟಿಸಿದ ಮೇಲೆ ಮೂರನೆಯದನ್ನು ಕುರಿತು ಯೋಚಿಸಿರಿ.