ಊರವರು ಇಟ್ಟ ಹೆಸರು

ಹೆಸರಿಡುವ ಅಧಿಕಾರ ತಂದೆತಾಯಿಗಳದೆಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ತೊಟ್ಟಿಲ ಬಳಿ ಬಗ್ಗಿ ಮಗುವಿನ ಕಿವಿಯಲ್ಲಿ ಉಸುರಿದ ಹೆಸರು ಶಾಲೆಯ ದಾಖಲೆಯಲ್ಲೇನೋ ಭದ್ರವಾಗಿ ಉಳಿಯುತ್ತದೆ. ಆದರೆ ಬೀದಿಯಲ್ಲಿ ಚಲಾವಣೆಗೆ ಬರುವುದು ಗೆಳೆಯರು ಇಟ್ಟ ಹೆಸರೇ. ಊರುಕೇರಿಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ಸತ್ಯ. ತುಮಕೂರು ರಸ್ತೆಯಲ್ಲಿ ದಾಸರಹಳ್ಳಿಯ ಹತ್ತಿರ 'ಎಂಟನೇ ಮೈಲಿ' ಎಂಬ ಬಸ್ ನಿಲ್ದಾಣವಿದೆ. ಮೈಲಿಯ ಲೆಕ್ಕ ಹೋಗಿ ಕಿಲೋಮೀಟರು ಬಂದು ಎಷ್ಟೋ ಕಾಲವಾಯಿತು; ಆದರೂ ಎಂಟನೇ ಮೈಲಿ ಎಂಟನೇ ಮೈಲಿಯಾಗಿಯೇ ಇದೆ. ಪೀಣ್ಯದ ಒಳಕ್ಕೆ ಬನ್ನಿ: ಟಿ.ವಿ.ಎಸ್. ಕ್ರಾಸ್, ಎನ್.ಟಿ.ಟಿ.ಎಫ್. ಸರ್ಕಲ್. ಕಾರ್ಖಾನೆಯ ಹೆಸರು ರಸ್ತೆಯ ತಿರುವಿಗೆ ಅಂಟಿತು, ತರಬೇತಿ ಸಂಸ್ಥೆಯ ಹೆಸರು ವೃತ್ತಕ್ಕೆ ಅಂಟಿತು. ಕಂಡಕ್ಟರು ಕೂಗಿದ, ಇಳಿಯುವವರು ಇಳಿದರು, ಹೆಸರು ನಿಂತಿತು.

ಅಂತರ್ಜಾಲವೆಂಬ ಮಹಾನಗರದಲ್ಲಿಯೂ ಇದೇ ನ್ಯಾಯ ನಡೆಯುತ್ತದೆಂದು ನಾನು ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬಿ.ಎಸ್ಸಿ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಹಳಗನ್ನಡದ ಪಾಠವನ್ನು ಅರೆಗಣ್ಣಿನಲ್ಲಿ ಕೇಳುತ್ತಿದ್ದವನು. ಈಗ ಪೀಣ್ಯ ಎರಡನೇ ಹಂತದಲ್ಲಿ ಸ್ಪ್ರಿಂಗ್ ತಯಾರಿಸುವ ಶೆಡ್ಡಿನ ಯಜಮಾನ. ಹನ್ನೊಂದು ಮಂದಿ ಕೆಲಸಗಾರರು, ಸಾಲದ ಮೇಲೆ ತಂದ ಒಂದು ಹೊಸ ಯಂತ್ರ, ತಿಂಗಳು ತಪ್ಪದೆ ಬರುವ ಅದರ ಕಂತು. ಒಂದು ಭಾನುವಾರ ಬಂದು, "ಸಾರ್, ನನ್ನ ಹೆಸರು ಕೆಟ್ಟಿದೆ. ನೀವು ಭಾಷೆಯವರು, ಸ್ವಲ್ಪ ನೋಡಬೇಕು" ಎಂದ. ಹೆಸರು ಕೆಟ್ಟರೆ ನೋಡಬೇಕಾದವರು ವಕೀಲರಲ್ಲವೆ ಎಂದುಕೊಂಡೆ. ಅವನು ಹೇಳಿದ್ದು ಬೇರೆಯೇ ಸಂಗತಿ.

ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಲು ಕೊಂಡಿ ಇರುತ್ತದಷ್ಟೆ. ಆ ಕೊಂಡಿಯ ಮೇಲೆ ಕಾಣುವ ಮಾತಿಗೆ, ಸಾಮಾನ್ಯವಾಗಿ ನೀಲಿ ಬಣ್ಣ ಬಳಿದುಕೊಂಡು ಅಡಿಗೆರೆ ಹೊತ್ತು ನಿಂತಿರುವ ಮಾತಿಗೆ, 'ಆ್ಯಂಕರ್ ಟೆಕ್ಸ್ಟ್' ಎನ್ನುತ್ತಾರೆ. ಆ್ಯಂಕರ್ ಎಂದರೆ ಲಂಗರು. ಸಮುದ್ರದ ಗಾಳಿಯೂ ಸೋಕದ ಪೀಣ್ಯದಲ್ಲಿ ಲಂಗರಿನ ಮಾತೇಕೆಂದು ವಾಚಕರು ನಗಬಾರದು. ಬೇರೆಯವರು ಎಸೆದ ಈ ಲಂಗರುಗಳ ಮೇಲೆಯೇ ಎಷ್ಟೋ ಮಂದಿಯ ಅನ್ನದ ದೋಣಿ ನಿಂತಿದೆ.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸೆರ್ಗಿ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬ ಇಬ್ಬರು ತರುಣರು ತಮ್ಮ ಗೂಗಲ್ ಯಂತ್ರವನ್ನು ವಿವರಿಸಿ ಒಂದು ಪ್ರಬಂಧ ಬರೆದರು. ಪುಟವೊಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕಿಂತ ಅದಕ್ಕೆ ಕೊಂಡಿ ಹಾಕಿದವರು ಬಳಸಿದ ಮಾತು ಹಲವು ವೇಳೆ ಹೆಚ್ಚು ನಿಖರವಾಗಿರುತ್ತದೆ ಎಂಬುದು ಅವರು ಅದರಲ್ಲಿ ಹಿಡಿದ ಸೂತ್ರಗಳಲ್ಲೊಂದು. ಆದುದರಿಂದ ಕೊಂಡಿಯ ಮಾತನ್ನು ಕೊಂಡಿ ಇರುವ ಪುಟದ ಲೆಕ್ಕಕ್ಕೆ ಮಾತ್ರವಲ್ಲದೆ, ಅದು ಬೆರಳು ತೋರಿಸುವ ಪುಟದ ಲೆಕ್ಕಕ್ಕೂ ಜಮಾ ಮಾಡಿದರು. ಇದು ಪೂರ್ತಿ ಹೊಸದಲ್ಲ, ತಮಗಿಂತ ಮುಂಚೆ 'ವರ್ಲ್ಡ್ ವೈಡ್ ವೆಬ್ ವರ್ಮ್' ಎಂಬ ಯಂತ್ರ ಹೀಗೆ ಮಾಡಿತ್ತು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡೂ ಇದ್ದಾರೆ. ಆಗ ಅವರು ಸಂಗ್ರಹಿಸಿದ್ದ ಪುಟಗಳು 2 ಕೋಟಿ 40 ಲಕ್ಷ. ಕೂಡಿಸಿದ್ದ ಕೊಂಡಿಮಾತುಗಳು 25 ಕೋಟಿ 90 ಲಕ್ಷಕ್ಕೂ ಮೇಲೆ. ಒಬ್ಬೊಬ್ಬನಿಗೆ ಸರಾಸರಿ ಹತ್ತಕ್ಕೂ ಹೆಚ್ಚು ಅಡ್ಡಹೆಸರು ಎಂದಂತಾಯಿತು!

ಊರವರ ಬಾಯಿಗೆ ಇಷ್ಟು ಬೆಲೆ ಬಂದ ಮೇಲೆ ಕುಚೋದ್ಯಗಾರರು ಸುಮ್ಮನಿರುತ್ತಾರೆಯೆ? 2003ರಲ್ಲಿ ಕೆಲವರು ಕೂಡಿಕೊಂಡು 'ದಯನೀಯ ವೈಫಲ್ಯ' ಎಂಬರ್ಥದ ಇಂಗ್ಲಿಷ್ ಮಾತಿನ ಮೇಲೆ ಕೊಂಡಿ ಹಾಕಿ, ಅದನ್ನು ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್‌ರ ಅಧಿಕೃತ ಪರಿಚಯದ ಪುಟಕ್ಕೆ ತಿರುಗಿಸಿದರು. ಆ ಪುಟದಲ್ಲಿ ಹುಡುಕಿದರೂ ಆ ಪದಗಳಿರಲಿಲ್ಲ; ಆದರೂ ಗೂಗಲ್ಲಿನಲ್ಲಿ ಆ ಮಾತು ಹುಡುಕಿದವರಿಗೆಲ್ಲ ಅಧ್ಯಕ್ಷರ ದರ್ಶನವಾಯಿತು. 2007ರ ಜನವರಿಯಲ್ಲಿ ಗೂಗಲ್ ತನ್ನ ಲೆಕ್ಕಾಚಾರವನ್ನು ತಿದ್ದಿ ಇಂಥ ಚೇಷ್ಟೆಗಳ ಹಲ್ಲು ಮುರಿಯಿತು. ಇದಕ್ಕಿಂತ ತಮಾಷೆ, ಬಹಳ ಕಾಲ 'ಇಲ್ಲಿ ಒತ್ತಿ' ಎಂಬುದನ್ನು ಇಂಗ್ಲಿಷಿನಲ್ಲಿ ಹುಡುಕಿದರೆ ಅಡೋಬಿ ಕಂಪನಿಯ ರೀಡರ್ ಇಳಿಸಿಕೊಳ್ಳುವ ಪುಟ ಮೇಲೆ ಬರುತ್ತಿತ್ತು. ಲೋಕದ ತುಂಬ ಜನ 'ಈ ಕಡತ ಓದಲು ರೀಡರ್ ಬೇಕಾದರೆ ಇಲ್ಲಿ ಒತ್ತಿ' ಎಂದು ಬರೆದು ಕೊಂಡಿ ಹಾಕಿದ್ದರ ಫಲ ಅದು. ಇದರಲ್ಲಿ ಯಾರ ಕುಚೋದ್ಯವೂ ಇರಲಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ನನಗೆ ಇದು ನನ್ನದೇ ಕ್ಷೇತ್ರವೆನಿಸತೊಡಗಿತು. ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ನಾವು ತರಗತಿಯಲ್ಲಿ ಕಲಿಸುವುದಿಲ್ಲವೆ? ಕೊಂಡಿಯಲ್ಲಿ ಕಾರ್ಖಾನೆಯ ಹೆಸರನ್ನೇ ಬರೆದರೆ ಅದು ಅಂಕಿತನಾಮ. 'ಸ್ಪ್ರಿಂಗ್ ತಯಾರಕರು' ಎಂದು ಕಸುಬನ್ನು ಹಿಡಿದು ಕರೆದರೆ ಅನ್ವರ್ಥನಾಮ. 'ಇದು' ಎಂದರೆ ಬರಿಯ ಸರ್ವನಾಮ. ಸರ್ವನಾಮದಿಂದ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ, ಅಂಕಿತದಿಂದ ಯಾರೆಂದು ತಿಳಿಯುತ್ತದೆ, ಅನ್ವರ್ಥದಿಂದ ಏನು ಮಾಡುವವರೆಂದು ತಿಳಿಯುತ್ತದೆ. ನನ್ನ ವಿದ್ಯಾರ್ಥಿ ನೋಟ್ಸಿನಲ್ಲಿ ಬರೆದುಕೊಳ್ಳದೆ ಹೋದ ಪಾಠ ಅವನ ಶೆಡ್ಡಿನಲ್ಲಿಯೇ ಕಾದು ಕುಳಿತಿತ್ತು.

ಅವನ ಪುಟಕ್ಕೆ ವರ್ಷಗಳಿಂದ ಅಲ್ಲಲ್ಲಿಂದ ಕೊಂಡಿಗಳು ಬಂದಿದ್ದುವು. ಪುಣೆಯ ಗಿರಾಕಿಯೊಬ್ಬರು ಕಾರ್ಖಾನೆಯ ಹೆಸರು ಬರೆದಿದ್ದರು. ಕೊಯಮತ್ತೂರಿನವರು ಅದನ್ನೇ ಒಂದಕ್ಷರ ನುಂಗಿ ಬರೆದಿದ್ದರು. ಯಾರೋ ಬರಿಯ ವಿಳಾಸವನ್ನು ಅಂಟಿಸಿದ್ದರು. ಇನ್ನಾರೋ 'ಇವರನ್ನು ಕೇಳಿ ನೋಡಿ' ಎಂದಿದ್ದರು. ಇಷ್ಟರಲ್ಲಿ, ಗೂಗಲ್ಲಿನಲ್ಲಿ ಮೇಲೆ ತರುತ್ತೇನೆಂದು ಹಣ ಪಡೆಯುವ ಒಬ್ಬ ದಲ್ಲಾಳಿ ಬಂದ. ಈ ಚೆಲ್ಲಾಪಿಲ್ಲಿ ಮಾತುಗಳಿಂದ ಏನು ಪ್ರಯೋಜನ, ಎಲ್ಲವನ್ನೂ 'ಬೆಂಗಳೂರಿನ ಅತ್ಯುತ್ತಮ ಸ್ಪ್ರಿಂಗ್ ತಯಾರಕರು' ಎಂದು ಬದಲಿಸಿಬಿಡೋಣ ಎಂದ. ಪರಿಚಯದವರಿಗೆ ಪತ್ರ ಬರೆಸಿ ಹಳೆಯ ಕೊಂಡಿಗಳನ್ನು ತಿದ್ದಿಸಿದ್ದಾಯಿತು. ಯಾರೆಂದು ತಿಳಿಯದ ಪುಟಗಳಿಂದ ದುಡ್ಡು ಕೊಟ್ಟು ಇನ್ನೂರು ಹೊಸ ಕೊಂಡಿಗಳನ್ನು ತಂದದ್ದಾಯಿತು. ಕೆಲವು ವಾರ ಪುಟ ಮೇಲೇರಿತು. ಆಮೇಲೆ ಇಳಿಯಿತು, ಮೊದಲಿದ್ದ ಜಾಗಕ್ಕಿಂತಲೂ ಕೆಳಕ್ಕೆ. ಹೊಸ ಗಿರಾಕಿಗಳ ವಿಚಾರಣೆ ನಿಂತಿತು, ಹುಡುಗರಿಗೆ ಓ.ಟಿ. ಇಲ್ಲವಾಯಿತು. ಯಂತ್ರದ ಕಂತಿಗೆ ಮಾತ್ರ ಇದಾವುದೂ ತಿಳಿಯಲಿಲ್ಲ. ಅದು ಐದನೇ ತಾರೀಖಿಗೆ ಸರಿಯಾಗಿ ಬಂತು.

"ಸಾರ್, ಸುಳ್ಳೇನೂ ಹೇಳಿಸಲಿಲ್ಲವಲ್ಲ? ನಾನು ಸ್ಪ್ರಿಂಗ್ ಮಾಡುವುದು ನಿಜ ತಾನೆ?" ಎಂದು ಕೇಳಿದ.

ನಾನು ಕೊಂಡಿಗಳ ಆ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ. ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದವರಿಗೆ ಆ ಅನುಭವ ಹೊಸದಲ್ಲ. ನಲವತ್ತು ಪತ್ರಿಕೆಗಳಲ್ಲಿ ಒಂದೇ ವಾಕ್ಯ, ಒಂದೇ ಅಲ್ಪವಿರಾಮ ಬಂದರೆ ವಾಕ್ಯ ತಪ್ಪಾಗಿರಬೇಕೆಂದೇನಿಲ್ಲ. ಅದು ನಲವತ್ತು ಹುಡುಗರ ವಾಕ್ಯವಲ್ಲ, ಒಂದು ಗೈಡಿನ ವಾಕ್ಯವೆಂದು ತಿಳಿದುಬಿಡುತ್ತದೆ. ಗೂಗಲ್ಲಿಗೂ ಈ ಮೌಲ್ಯಮಾಪನ ಗೊತ್ತು. 2012ರ ಏಪ್ರಿಲ್‌ನಲ್ಲಿ ಅದು 'ಪೆಂಗ್ವಿನ್' ಎಂಬ ತಿದ್ದುಪಡಿ ತಂದು, ಕೃತಕ ಕೊಂಡಿಗಳಿಂದ ಮೇಲೇರಿದ ತಾಣಗಳನ್ನು ಕೆಳಕ್ಕೆ ತಳ್ಳಿತು. (ಪೆಂಗ್ವಿನ್ ಯಾವ ನಾಮವೆಂದು ನನ್ನನ್ನು ಕೇಳಬೇಡಿ; ಆ ಹಕ್ಕಿಗೂ ಕೊಂಡಿಗೂ ನನಗೆ ಸಂಬಂಧ ಕಾಣಲಿಲ್ಲ.) 2016ರ ಸೆಪ್ಟೆಂಬರಿನಿಂದ ಅದು ಮೂಲ ಲೆಕ್ಕಾಚಾರದಲ್ಲಿಯೇ ಬೆರೆತಿದೆ, ಇಡೀ ತಾಣವನ್ನು ಶಿಕ್ಷಿಸುವ ಬದಲು ಇಂಥ ಕೊಂಡಿಗಳ ಬೆಲೆಯನ್ನು ಕಳೆಯುವುದು ಅದರ ಈಗಿನ ಕ್ರಮ. ಸ್ಥಾನಕ್ಕಾಗಿ ಕೊಂಡಿ ಕೊಳ್ಳುವುದು, ಮಾರುವುದು ಗೂಗಲ್ಲಿನ ನಿಯಮಕ್ಕೆ ವಿರುದ್ಧವೂ ಹೌದು. ಕೊಂಡ ಇನ್ನೂರು ಕೊಂಡಿಗಳ ಬೆಲೆ ಸೊನ್ನೆಯಾದರೆ ಆಶ್ಚರ್ಯವಿಲ್ಲ. ನನಗೆ ನೋವಾದದ್ದು, ಪುಣೆಯವರೂ ಕೊಯಮತ್ತೂರಿನವರೂ ತಮ್ಮ ಬಾಯಿಂದ ಆಡಿದ್ದ ಮಾತುಗಳನ್ನು ಅಳಿಸಿ, ಅವೂ ಆ ಇನ್ನೂರರ ಹಾಗೆಯೇ ಕಾಣುವಂತೆ ಮಾಡಿದ್ದು.

ಹಾಗೆಂದು ಕೊಂಡಿಯ ಮಾತನ್ನು ಬದಲಿಸಲೇ ಬಾರದೆಂದಲ್ಲ. ಇವತ್ತು ಬದಲಿಸಿದರೆ ನಾಳೆ ಫಲ ಬರುವುದಿಲ್ಲ, ಅಷ್ಟೆ. ಗೂಗಲ್ಲಿನ ಯಂತ್ರ ಆ ಪುಟಕ್ಕೆ ಮತ್ತೆ ಬಂದು ಓದಬೇಕು. ದೊಡ್ಡ ಪತ್ರಿಕೆಯ ಮುಖಪುಟಕ್ಕೆ ಅದು ದಿನಕ್ಕೆ ಹಲವು ಬಾರಿ ಬಂದೀತು. ಮೂಲೆಯ ಪುಟಕ್ಕೆ ವಾರಗಟ್ಟಲೆ ಬರದಿದ್ದೀತು. ಬಂದು ಓದಿದ ಮೇಲೆ ಹಳೆಯ ಮಾತಿನ ಸಾಕ್ಷ್ಯ ಹೋಗಿ ಹೊಸ ಮಾತಿನ ಸಾಕ್ಷ್ಯ ಕೂಡುತ್ತದೆ. ಒಂದು ಕೊಂಡಿಯಿಂದ ಕಣ್ಣಿಗೆ ಕಾಣುವ ವ್ಯತ್ಯಾಸವಾಗದಿರಬಹುದು. ಹೇಳಿದವರು ಯಾರು, ಪುಟದಲ್ಲಿ ಇರುವುದೇನು ಎಂಬವೂ ಲೆಕ್ಕಕ್ಕೆ ಸೇರುತ್ತವೆ. ಬದಲಾವಣೆಯ ವೇಳೆಯೂ ಒಂದು ಸುಳಿವೇ. 2003ರ ಕೊನೆಯಲ್ಲಿ ಗೂಗಲ್ ಸಲ್ಲಿಸಿದ ಒಂದು ಪೇಟೆಂಟ್ ಅರ್ಜಿ, ಕೊಂಡಿಯ ಮಾತುಗಳು ಕಾಲಕ್ರಮದಲ್ಲಿ ಹೇಗೆ ಬದಲಾದುವೆಂಬುದನ್ನು ಗಮನಿಸುವ ವಿಚಾರವನ್ನು ಹೇಳುತ್ತದೆ: ಮಾತು ಬದಲಾದರೆ ಪುಟದ ವಿಷಯವೇ ಬದಲಾಗಿರಬಹುದು. ಅರ್ಜಿಯಲ್ಲಿ ಬರೆದದ್ದನ್ನೆಲ್ಲ ಬಳಸುತ್ತಾರೆಂದು ಅರ್ಥವಲ್ಲ. ಆದರೆ ಆಲೋಚನೆ ಯಾವ ಕಡೆಗಿದೆಯೆಂದು ತಿಳಿಯುತ್ತದೆ. 2014ರ ನವೆಂಬರ್ 1ರಂದು ನಮ್ಮ ರಾಜಧಾನಿಯ ಇಂಗ್ಲಿಷ್ ಹೆಸರೂ ಅಧಿಕೃತವಾಗಿ ಬೆಂಗಳೂರು ಆಯಿತು. ಬೋರ್ಡು ತಿದ್ದಲು ಬಣ್ಣ ಸಾಕು. ಬಾಯಿ ತಿದ್ದಲು ವರ್ಷಗಳು ಬೇಕು. ಒಂದೇ ರಾತ್ರಿಯಲ್ಲಿ ಲೋಕದ ಬಾಯೆಲ್ಲ ತಿದ್ದಿಕೊಂಡಿದ್ದರೆ ನಾನೂ ಸಂಶಯಪಡುತ್ತಿದ್ದೆ.

ಆ ಭಾನುವಾರ ನಾವಿಬ್ಬರೂ ಕೂತು ಎರಡು ಕೆಲಸ ಮಾಡಿದೆವು. ಅವನ ತಾಣದೊಳಗಿನ ಕೊಂಡಿಗಳು ಅವನವೇ ತಾನೆ. ಅಲ್ಲೆಲ್ಲ ಸಾಲುಸಾಲಾಗಿ 'ಇಲ್ಲಿ ಒತ್ತಿ' ಎಂದಿತ್ತು. ಅದನ್ನು ತೆಗೆದು 'ಟ್ರ್ಯಾಕ್ಟರ್ ಕ್ಲಚ್ಚಿನ ಸ್ಪ್ರಿಂಗ್', 'ಸ್ಟೇನ್‌ಲೆಸ್ ತಂತಿಯ ಸ್ಪ್ರಿಂಗ್' ಎಂದು ಒಳಗೆ ಇದ್ದದ್ದನ್ನೇ ಹೆಸರಿಸಿದೆವು. ಮನೆಯೊಳಗಿನ ಡಬ್ಬಿಗಳ ಮೇಲೆ ಚೀಟಿ ಅಂಟಿಸುವುದಕ್ಕೆ ಯಾರ ಅಪ್ಪಣೆ ಬೇಕು? ಗೂಗಲ್ಲೂ ಹೀಗೆ ಬರೆಯಿರೆಂದೇ ಹೇಳುತ್ತದೆ. ಎರಡನೆಯದು, ಹಳೆಯ ಗಿರಾಕಿಗಳಿಗೆ ಪತ್ರ: ತಿದ್ದಿಸಿದ್ದನ್ನು ದಯವಿಟ್ಟು ಮರೆತುಬಿಡಿ, ತಮಗೆ ತೋಚಿದ ಮಾತಿನಲ್ಲಿಯೇ ನಮ್ಮನ್ನು ಕರೆಯಿರಿ ಎಂದು. ಒಕ್ಕಣೆ ನನ್ನದು. ಕೊಂಡ ಕೊಂಡಿಗಳಲ್ಲಿ ತೆಗೆಸಲಾದವನ್ನು ತೆಗೆಸಿದ. ದಲ್ಲಾಳಿಗೆ ಕೊಟ್ಟ ಹಣ ಹೋದದ್ದು ಹೋಯಿತು.

ಪುಣೆಯವರು ಮತ್ತೆ ಕಾರ್ಖಾನೆಯ ಹೆಸರು ಬರೆದರು. ಕೊಯಮತ್ತೂರಿನವರು ಮತ್ತೆ ಆ ಒಂದಕ್ಷರವನ್ನು ನುಂಗಿದರು. ಮೂರು ತಿಂಗಳ ಮೇಲೆ ಅವನು ಫೋನು ಮಾಡಿ, ಮೊದಲಿನಷ್ಟಲ್ಲದಿದ್ದರೂ ವಾರಕ್ಕೆ ಒಂದೆರಡು ವಿಚಾರಣೆ ಬರುತ್ತಿವೆ ಎಂದ. ತುಮಕೂರಿನ ಟ್ರ್ಯಾಕ್ಟರ್ ಗ್ಯಾರೇಜೊಂದು ತನ್ನ ಪುಟದಲ್ಲಿ ಹೊಸದಾಗಿ ಕೊಂಡಿ ಹಾಕಿದೆಯಂತೆ, ಇವನು ಕೇಳದೆಯೇ, ಕನ್ನಡದಲ್ಲಿ.

"ಏನೆಂದು ಹಾಕಿದ್ದಾರಯ್ಯಾ?" ಎಂದೆ.

"'ನಮ್ಮ ಪೀಣ್ಯದ ಸ್ಪ್ರಿಂಗಿನವರು' ಅಂತ, ಸಾರ್. ಕಾರ್ಖಾನೆಯ ಹೆಸರು ಹಾಕಿ ಅಂತ ಹೇಳಲೋ?"

ಬೇಡ, ಹಾಗೆಯೇ ಇರಲಿ ಎಂದೆ.